ಪರಪೀಡೆಯೂ ಸಾಧಕನ ಮೌನವೂ

ಮೌನವನ್ನು ನಮ್ಮ ಪರಂಪರೆಯು ದೊಡ್ಡ ಸಾಧನೆಯೆಂದು ಎಣಿಸಿದೆ. ಮಾತನ್ನು ಬಳಸಿ ಬಳಸಿ, ಅದರ ಸತ್ತ್ವವನ್ನೂ ಮಿತಿಯನ್ನೂ ಕಂಡು, ಕಟ್ಟಕಡೆಗೆ ಮಾತನ್ನು ಮೀರಿ ನಿಲ್ಲುವ ಶರಣನ ಚಿತ್ರವು ವಚನಗಳನ್ನು ಓದಿದವರಿಗೆಲ್ಲ ಪರಿಚಿತವಾದುದು. ಅಲ್ಲಮಪ್ರಭುದೇವರ ಬೆಡಗಿನ ವಚನವೊಂದರ ಮುಂದೆ ಕುಳಿತ ಓದುಗನ ನಾಲಗೆ ತಾನಾಗಿಯೇ ಅಡಗುತ್ತದೆ. ಆದರೆ ಹೊರಗಿನಿಂದ ನೋಡುವವನಿಗೆ ಅದೇ ಬಗೆಯಾಗಿ ಕಾಣುವ ಇನ್ನೊಂದು ಮೌನವುಂಟು. ಅದು ಅರಿವಿನಿಂದ ಹುಟ್ಟಿದುದಲ್ಲ. ಅಂಜಿಕೆಯಿಂದ, ಅನುಕೂಲದಿಂದ, ಹಲವು ವೇಳೆ ಬರಿಯ ಅಲಕ್ಷ್ಯದಿಂದ ಹುಟ್ಟಿದುದು. ಈ ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದು ಭಾಷೆಯ ಬಡತನವೋ ನಮ್ಮ ಜಾಣತನವೋ ತಿಳಿಯದು.

ಈ ಜಿಜ್ಞಾಸೆ ನನ್ನಲ್ಲಿ ಹುಟ್ಟಿದುದು ಒಬ್ಬ ತರುಣನಿಂದ. ಶ್ರಾವಣಮಾಸದ ಪ್ರವಚನ ಮುಗಿದ ಮೇಲೆ ಕನ್ನಡ ಎಂ.ಎ. ಓದುತ್ತಿದ್ದ ಹುಡುಗನೊಬ್ಬನು ಎದ್ದು ನಿಂತು, “ಗುರುಗಳೇ, ಅರಿವುಳ್ಳವನು ಮೌನಿಯಾಗುತ್ತಾನೆ ಎಂದಿರಿ. ಪಕ್ಕದ ಓಣಿಯಲ್ಲಿ ಒಬ್ಬನನ್ನು ಹಿಡಿದು ಹೊಡೆಯುತ್ತಿದ್ದರೆ ಆ ಅರಿವುಳ್ಳವನು ಏನು ಮಾಡುತ್ತಾನೆ?” ಎಂದು ಕೇಳಿದನು. ನಾನು ಷಟ್‌ಸ್ಥಲದ ಪರಿಭಾಷೆಯಲ್ಲಿ ಏನನ್ನೋ ಹೇಳಿದೆ. ಹುಡುಗನು ಗೌರವದಿಂದ ತಲೆಯಾಡಿಸಿ ಕುಳಿತನು. ಉತ್ತರವು ಅವನಿಗೆ ಒಪ್ಪಿಗೆಯಾಗಲಿಲ್ಲವೆಂಬುದು ಅವನ ಮುಖದಲ್ಲಿಯೇ ಇತ್ತು, ನನಗೂ ಆಗಲಿಲ್ಲ.

ಇಂತಹ ಪ್ರಶ್ನೆಗೆ ನಮ್ಮವರು ಸಹಜವಾಗಿಯೇ ಕಲ್ಯಾಣದ ಕಡೆಗೆ ನೋಡುತ್ತಾರೆ. ಸಮಗಾರ ಹರಳಯ್ಯನವರೂ ಬ್ರಾಹ್ಮಣಕುಲದಿಂದ ಬಂದ ಮಧುವರಸರೂ ಬೀಗರಾದುದಕ್ಕಾಗಿ ಬಿಜ್ಜಳನ ಆಳ್ವಿಕೆಯಲ್ಲಿ ಎಳೆಹೂಟೆಯ ಶಿಕ್ಷೆಗೆ ಗುರಿಯಾದರೆಂದು ಪರಂಪರೆ ಹೇಳುತ್ತದೆ. ಪುರಾಣಕಾರರು ಅರಸನ ಕ್ರೌರ್ಯವನ್ನು ಹೇಳಿದ್ದಾರೆ, ಶರಣರ ಧೈರ್ಯವನ್ನು ಹೇಳಿದ್ದಾರೆ. ಆದರೆ ಆ ಮೆರವಣಿಗೆ ಸಾಗಿದ ಬೀದಿಯ ಇಕ್ಕೆಲದಲ್ಲಿ ಅಂಗಡಿ ತೆರೆದುಕೊಂಡು ಕುಳಿತಿದ್ದವರು, ಮಾಳಿಗೆಯ ಮೇಲಿಂದ ಇಣಿಕಿ ನೋಡಿದವರು, ನೋಡಿ ಒಳಗೆ ಹೋಗಿ ಊಟಕ್ಕೆ ಕುಳಿತವರು—ಇವರ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಯಾರೂ ಬರೆದಿಡಲಿಲ್ಲ. ನಮ್ಮ ತರುಣನ ಪ್ರಶ್ನೆ ಅವರನ್ನು ಕುರಿತದ್ದು. ಆದುದರಿಂದ, ನೋಡುತ್ತ ನಿಂತವರೇ ತಮ್ಮ ಕಥೆಯನ್ನು ತಾವೇ ಬರೆದಿಟ್ಟಿರುವ ಒಂದು ದೇಶದ, ಒಂದು ಕಾಲದ ಇತಿಹಾಸವನ್ನು ಇಲ್ಲಿ ವಿಚಾರಕ್ಕೆ ಎತ್ತಿಕೊಳ್ಳುತ್ತೇನೆ. ಅದು ಹಿಟ್ಲರನ ಕಾಲದ ಜರ್ಮನಿ. ಅಲ್ಲಿಯೂ ಪ್ರಶ್ನೆ ಎದ್ದುದು ಧರ್ಮಪೀಠದ ಸುತ್ತಲೇ ಆದುದರಿಂದ ನಮ್ಮ ವಾಚಕರಿಗೆ ಅದು ತೀರ ದೂರದ್ದೆಂದು ತೋರಲಾರದು.

ಮಾರ್ಟಿನ್ ನೀಮೊಲರ್ ಎಂಬವರು ೧೮೯೨ರಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದರು. ಮೊದಲನೆಯ ಮಹಾಯುದ್ಧದಲ್ಲಿ ಜಲಾಂತರ್ಗಾಮಿ ನೌಕೆಯ ನಾಯಕರಾಗಿದ್ದು, ಅನಂತರ ದೇವಶಾಸ್ತ್ರವನ್ನು ಓದಿ, ೧೯೩೧ರಲ್ಲಿ ಬರ್ಲಿನ್ನಿನ ಡಾಲೆಮ್ ಎಂಬ ಬಡಾವಣೆಯ ಚರ್ಚಿಗೆ ಬಂದರು. ಅವರು ಹಿಟ್ಲರನ ವಿರೋಧಿಯಾಗಿರಲಿಲ್ಲ. ೧೯೩೩ರ ಜನವರಿ ೩೦ರಂದು ಅವನು ಅಧಿಕಾರಕ್ಕೆ ಬಂದಾಗ, ಸೋತು ಸೊರಗಿದ ದೇಶವು ತಲೆಯೆತ್ತುವ ಕಾಲ ಬಂದಿತೆಂದು ಹಿಗ್ಗಿದವರಲ್ಲಿ ಅವರೂ ಒಬ್ಬರು. ಆ ಪಕ್ಷಕ್ಕೆ ಮತ ಕೊಟ್ಟವರು. ಆ ಫೆಬ್ರವರಿಯಲ್ಲಿ ಸಂಸತ್ ಭವನಕ್ಕೆ ಬೆಂಕಿ ಬಿದ್ದ ಮರುದಿನವೇ ಪೌರಹಕ್ಕುಗಳು ರದ್ದಾದುವು. ಕಮ್ಯೂನಿಸ್ಟರನ್ನು ಸಾವಿರಾರು ಸಂಖ್ಯೆಯಲ್ಲಿ ಹಿಡಿದೊಯ್ದರು. ಮಾರ್ಚಿಯಲ್ಲಿ ಡಾಖೌ ಎಂಬಲ್ಲಿ ಸೆರೆಶಿಬಿರ ತೆರೆಯಿತು. ಏಪ್ರಿಲ್ ೧ರಂದು ಯಹೂದ್ಯರ ಅಂಗಡಿಗಳ ಮುಂದೆ ಕಾವಲು ನಿಲ್ಲಿಸಿ ಬಹಿಷ್ಕಾರ ಹೂಡಿದರು. ಆ ವಾರವೇ ಯಹೂದಿ ಕುಲದವರನ್ನು ಸರಕಾರಿ ನೌಕರಿಯಿಂದ ತೆಗೆಯುವ ಕಾನೂನು ಬಂದಿತು. ಇಷ್ಟಕ್ಕೂ ಚರ್ಚು ಬಾಯಿ ಬಿಡಲಿಲ್ಲ.

ಬಾಯಿ ಬಿಟ್ಟದ್ದು ಸೆಪ್ಟೆಂಬರಿನಲ್ಲಿ. ಯಹೂದಿ ಮೂಲದಿಂದ ಬಂದು ಕ್ರೈಸ್ತದೀಕ್ಷೆ ಪಡೆದವರು ಪಾದ್ರಿಗಳಾಗಿರಕೂಡದೆಂಬ ನಿಯಮವನ್ನು ಪ್ರಷ್ಯದ ಚರ್ಚಿನ ಮಹಾಸಭೆಯೇ ಒಪ್ಪಿಕೊಂಡಿತು. ದೀಕ್ಷೆ ಪಡೆದ ಮೇಲೆ ಹುಟ್ಟಿದ ಕುಲವನ್ನು ಕೆದಕುವುದು ದೀಕ್ಷೆಗೇ ಅಪಮಾನವೆಂದು ನೀಮೊಲರರು ಪಾದ್ರಿಗಳ ಒಂದು ಆಪತ್ಕಾಲದ ಕೂಟವನ್ನು ಕಟ್ಟಿದರು. ಕೆಲವೇ ತಿಂಗಳಲ್ಲಿ ಸುಮಾರು ೭,೦೦೦ ಪಾದ್ರಿಗಳು ಅದನ್ನು ಸೇರಿದರು. ಹುಟ್ಟಿಗಿಂತ ದೀಕ್ಷೆ ಹಿರಿದೆಂಬ ಈ ನಿಲುವು ನಮಗೆ ಎಷ್ಟು ಪರಿಚಿತವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಇಲ್ಲಿ ಒಂದು ಕೊರತೆಯಿದೆ. ನೀಮೊಲರರು ಅಂದು ನಿಂತದ್ದು ದೀಕ್ಷೆ ಪಡೆದ ಯಹೂದಿಗಳ ಪರವಾಗಿ ಮಾತ್ರ. ಅದರಲ್ಲಿಯೂ, ಅಂತಹ ಪಾದ್ರಿಗಳು ಎದ್ದು ಕಾಣುವ ಪದವಿಗಳಿಗೆ ಬಾರದೆ ಸಂಯಮದಿಂದ ಇರುವುದು ಲೇಸೆಂದು ಅದೇ ವರ್ಷ ಬರೆದರು. ದೀಕ್ಷೆ ಪಡೆಯದ ನೆರೆಯವನ ಗತಿಯೇನೆಂಬ ಪ್ರಶ್ನೆ ಅವರ ಎಣಿಕೆಯಲ್ಲಿ ಬರಲೇ ಇಲ್ಲ.

೧೯೩೪ರ ಜನವರಿ ೨೫ರಂದು ಚರ್ಚಿನ ಮುಖಂಡರೊಡನೆ ಅವರು ಹಿಟ್ಲರನನ್ನು ಕಂಡರು. ಅಂದು ಬೆಳಗ್ಗೆ ಅವರು ಫೋನಿನಲ್ಲಿ ಆಡಿದ ಮಾತನ್ನು ಕದ್ದು ಕೇಳಿಸಿಕೊಂಡಿದ್ದ ಗೋರಿಂಗನು ಅದನ್ನು ಎಲ್ಲರ ಮುಂದೆ ಓದಿ ತೋರಿಸಿದನು. ಉಳಿದ ಮುಖಂಡರು ಹೆದರಿ ಮಣಿದರು, ನೀಮೊಲರರು ಮಣಿಯಲಿಲ್ಲ. ೧೯೩೭ರ ಜುಲೈ ೧ರಂದು ಅವರ ಬಂಧನವಾಯಿತು. ನ್ಯಾಯಾಲಯವು ಏಳು ತಿಂಗಳ ಶಿಕ್ಷೆ ಕೊಟ್ಟಿತು. ಅಷ್ಟನ್ನು ಅವರು ಅದಾಗಲೇ ಕಳೆದಿದ್ದರು. ಆದರೂ ಬಿಡುಗಡೆಯಾಗಲಿಲ್ಲ. ಹಿಟ್ಲರನ ಸ್ವಂತ ಕೈದಿಯೆಂದು ಮೊದಲು ಸಾಕ್ಸೆನ್‌ಹೌಸನ್ ಶಿಬಿರದಲ್ಲಿ, ೧೯೪೧ರಿಂದ ಡಾಖೌದಲ್ಲಿ, ಯುದ್ಧ ಮುಗಿಯುವವರೆಗೆ ಇಟ್ಟರು. ಹೀಗೆ ಸೆರೆಯಲ್ಲಿದ್ದಾಗಲೂ, ೧೯೩೯ರಲ್ಲಿ ಯುದ್ಧ ಹೊತ್ತಿಕೊಂಡಾಗ, ನೌಕಾಪಡೆಯಲ್ಲಿ ಸೇವೆ ಮಾಡಲು ಸಿದ್ಧನೆಂದು ಅವರು ಪತ್ರ ಬರೆದಿದ್ದರು. ಸಂತಚರಿತ್ರೆ ಬರೆಯುವವರಿಗೆ ಈ ಸಂಗತಿ ತೊಡಕು. ನನಗೆ ಮಾತ್ರ ಇದರಿಂದಲೇ ಅವರ ಮುಂದಿನ ಮಾತಿನಲ್ಲಿ ನಂಬಿಕೆ ಹುಟ್ಟಿತು.

ಆ ಮಾತು ಹುಟ್ಟಿದ ಸಂದರ್ಭವನ್ನು ಅವರೇ ಹಲವು ಸಭೆಗಳಲ್ಲಿ ಹೇಳಿಕೊಂಡಿದ್ದಾರೆ. ಬಿಡುಗಡೆಯಾದ ವರ್ಷ, ತಾವು ಇದ್ದ ಸೆರೆಯನ್ನು ತೋರಿಸಲು ಹೆಂಡತಿಯನ್ನು ಡಾಖೌಗೆ ಕರೆದುಕೊಂಡು ಹೋದರಂತೆ. ಹೆಣ ಸುಡುವ ಒಲೆಗಳ ಬಳಿ ಒಂದು ಫಲಕವಿತ್ತು: ೧೯೩೩ರಿಂದ ೧೯೪೫ರವರೆಗೆ ಇಲ್ಲಿ ೨,೩೮,೭೫೬ ಜನರನ್ನು ಸುಡಲಾಯಿತೆಂದು. ಹೆಂಡತಿ ಆ ಸಂಖ್ಯೆಯನ್ನು ಕಂಡು ನಡುಗಿದಳು. (ಆ ಸಂಖ್ಯೆ ಸರಿಯಲ್ಲವೆಂದು, ಡಾಖೌದಲ್ಲಿ ಸತ್ತವರು ಸುಮಾರು ೪೧,೫೦೦ ಎಂದು ಇತಿಹಾಸಕಾರರು ಮುಂದೆ ನಿರ್ಣಯಿಸಿದ್ದಾರೆ.) ನೀಮೊಲರರನ್ನು ನಡುಗಿಸಿದ್ದು ಸಂಖ್ಯೆಯಲ್ಲ, ಇಸವಿ. ೧೯೩೭ರ ಜುಲೈಯಿಂದ ನೀನು ಎಲ್ಲಿದ್ದೆಯೆಂದು ದೇವರು ಕೇಳಿದರೆ, ಸೆರೆಯಲ್ಲಿದ್ದೆನೆಂದು ಹೇಳಬಹುದು. ೧೯೩೩ರಿಂದ ೧೯೩೭ರವರೆಗೆ ಎಲ್ಲಿದ್ದೆಯೆಂದು ಕೇಳಿದರೆ? ಆ ನಾಲ್ಕು ವರ್ಷ ಅವರು ಹೊರಗೆ ಇದ್ದರು, ಕೇಳುವ ಕಿವಿಗಳು ನೂರಾರು ಎದುರಿಗಿದ್ದುವು, ವೇದಿಕೆಯೂ ಇತ್ತು.

ಅವರ ಹೆಸರಿನಲ್ಲಿ ಲೋಕಪ್ರಸಿದ್ಧವಾದ ಕೆಲವು ಸಾಲುಗಳಿವೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಅವುಗಳ ಪಾಠಾಂತರವೇ ಒಂದು ಸ್ವಾರಸ್ಯದ ವಿಷಯ. ಅವು ಕವಿತೆಯಾಗಿ ಬರೆದವಲ್ಲ. ೧೯೪೬ರಿಂದ ಅವರು ಊರೂರು ತಿರುಗಿ ಮಾಡಿದ ಭಾಷಣಗಳಿಂದ ಮೂಡಿದವು. ಹೇಳಿದಂತೆಲ್ಲ ಪಟ್ಟಿ ಬದಲಾಗುತ್ತಿತ್ತು. ಕೆಲವೆಡೆ ಕಮ್ಯೂನಿಸ್ಟರು ಮೊದಲು, ಕೆಲವೆಡೆ ರೋಗಿಗಳೂ ಸೇರುತ್ತಾರೆ, ಕೆಲವೆಡೆ ಯಹೂದ್ಯರು. ಮುಂದೆ ಅಚ್ಚು ಹಾಕಿದವರು ತಮಗೆ ಬೇಡವಾದವರ ಹೆಸರನ್ನು ಬಿಟ್ಟುದೂ ಉಂಟು. ವಚನಗಳ ಕಟ್ಟುಗಳನ್ನು ಹೋಲಿಸಿ ನೋಡಿದವರಿಗೆ, ಬಾಯಿಂದ ಬಾಯಿಗೆ ಸಾಗಿದ ಮಾತಿನ ಈ ಗತಿ ಅಚ್ಚರಿಯಾಗಿ ತೋರದು. ಆದರೆ ಈ ಸಾಲುಗಳನ್ನು ನಾವು ಸಾಮಾನ್ಯವಾಗಿ ಓದುವ ಬಗೆಯಲ್ಲಿ ಒಂದು ದೋಷವಿದೆಯೆಂದು ನನ್ನ ಮತ. ಇಂದು ಅವನಿಗೆ ಬಂದುದು ನಾಳೆ ನನಗೆ ಬಂದೀತು, ಆದುದರಿಂದ ಮಾತನಾಡು ಎಂಬಷ್ಟೇ ಅರ್ಥವಾದರೆ ಅದು ವಿಮೆಯ ಲೆಕ್ಕಾಚಾರವಾಯಿತು. ನನಗೆಂದೂ ಬಾರದೆಂದು ಖಾತರಿಯಾದರೆ ಸುಮ್ಮನಿರಬಹುದೆ? ನೀಮೊಲರರು ಹೇಳಿದುದು ಪಾಪದ ಒಪ್ಪಿಗೆಯನ್ನು; ನಮ್ಮವರು ಅದನ್ನು ಎಚ್ಚರಿಕೆಯ ಗಂಟೆಯಾಗಿ ಮಾಡಿಕೊಂಡಿದ್ದಾರೆ.

ಅವರ ಬಳಗದಲ್ಲಿಯೇ ಮಾತನಾಡುವುದರ ಬೆಲೆಯನ್ನು ತೆತ್ತವರಿದ್ದರು. ೧೯೩೬ರ ಮೇ ತಿಂಗಳಲ್ಲಿ ಆ ಬಳಗದ ನಾಯಕರು ಹಿಟ್ಲರನಿಗೆ ಗುಟ್ಟಾಗಿ ಒಂದು ಮನವಿಯನ್ನು ಕಳಿಸಿದರು. ಯಹೂದಿದ್ವೇಷವನ್ನೂ ಸೆರೆಶಿಬಿರಗಳನ್ನೂ ಅದರಲ್ಲಿ ಹೆಸರೆತ್ತಿ ಆಕ್ಷೇಪಿಸಿದ್ದರು. ಅದು ಹೊರದೇಶದ ಪತ್ರಿಕೆಗಳಲ್ಲಿ ಬಯಲಾಯಿತು. ಬಯಲು ಮಾಡಿದವರಲ್ಲಿ ಒಬ್ಬನೆಂದು ಕಾರ್ಯಾಲಯದ ಮುಖ್ಯಸ್ಥ ಫ್ರೀಡ್ರಿಕ್ ವೈಸ್ಲರ್ ಎಂಬ ನ್ಯಾಯವೇತ್ತನನ್ನು ಹಿಡಿದರು. ಅವನು ಯಹೂದಿ ಮೂಲದ ಕ್ರೈಸ್ತ. ಗುಟ್ಟನ್ನು ಮುರಿದವನೆಂದು ಅವನ ಬಳಗವೇ ಅವನಿಂದ ದೂರ ಸರಿಯಿತು. ೧೯೩೭ರ ಫೆಬ್ರವರಿ ೧೯ರಂದು ಸಾಕ್ಸೆನ್‌ಹೌಸನ್ನಿನಲ್ಲಿ ಅವನು ಹೊಡೆತಕ್ಕೆ ಸತ್ತನು. ಗುಟ್ಟಾಗಿ ನುಡಿದ ಸತ್ಯವನ್ನು ಬಹಿರಂಗವಾಗಿ ನುಡಿದುದೇ ಅಪರಾಧವೆಂದು ಸತ್ಯವಂತರೂ ಎಣಿಸಿದ ಪ್ರಸಂಗವಿದು.

ಈಗ ನಾನು ಹೇಳಬೇಕಾದ ಮುಖ್ಯ ವ್ಯಕ್ತಿಗೆ ಬರುತ್ತೇನೆ. ಆಕೆ ಪಾದ್ರಿಯಲ್ಲ, ಪಂಡಿತರ ಸಭೆಗಳಲ್ಲಿ ಹೆಸರಾದವಳಲ್ಲ. ಬರ್ಲಿನ್ನಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಇತಿಹಾಸ, ಧರ್ಮ, ಜರ್ಮನ್ ಭಾಷೆಗಳನ್ನು ಕಲಿಸುತ್ತಿದ್ದ ಉಪಾಧ್ಯಾಯಿನಿ. ಹೆಸರು ಎಲಿಸಬೆತ್ ಶ್ಮಿಟ್ಸ್, ಹುಟ್ಟಿದುದು ೧೮೯೩ರಲ್ಲಿ. ಜೀವಮಾನವೆಲ್ಲ ಕಪ್ಪುಹಲಗೆಯ ಮುಂದೆ ಕಳೆದ ನನಗೆ ಆಕೆಯ ಮೇಲೆ ಪಕ್ಷಪಾತವಿದ್ದರೆ ವಾಚಕರು ಕ್ಷಮಿಸಬೇಕು.

ಆಕೆಯ ಮನೆಯಲ್ಲಿಯೇ ಯಹೂದಿ ಮೂಲದ ವೈದ್ಯೆಯೊಬ್ಬಳು ಗೆಳತಿಯಾಗಿ ವಾಸವಾಗಿದ್ದಳು. ಆ ಗೆಳತಿ ೧೯೩೩ರಲ್ಲಿ ತನ್ನ ವೃತ್ತಿಯನ್ನು ಕಳೆದುಕೊಂಡಳು. ಹೀಗಾಗಿ ಎಲಿಸಬೆತ್ತಳಿಗೆ ಪೀಡೆಯೆಂಬುದು ಪತ್ರಿಕೆಯ ಸುದ್ದಿಯಾಗಿರಲಿಲ್ಲ. ಆ ವರ್ಷವೇ ಆಕೆ ಕಾರ್ಲ್ ಬಾರ್ಟ್ ಮುಂತಾದ ದೊಡ್ಡ ದೇವಶಾಸ್ತ್ರಜ್ಞರಿಗೆ ಪತ್ರ ಬರೆದು, ಚರ್ಚು ಏಕೆ ಸುಮ್ಮನಿದೆಯೆಂದು ಕೇಳತೊಡಗಿದಳು. ೧೯೩೫ರ ಬೇಸಗೆಯಲ್ಲಿ ಕುಳಿತು ಒಂದು ದೀರ್ಘ ಮನವಿಪತ್ರವನ್ನು ಸಿದ್ಧಪಡಿಸಿದಳು. ಯಹೂದ್ಯರು ದಿನದಿನವೂ ಅನುಭವಿಸುತ್ತಿದ್ದ ಅವಮಾನ, ಅನ್ನದ ದಾರಿ ಮುಚ್ಚಿಹೋದ ಕುಟುಂಬಗಳ ಸ್ಥಿತಿ, ಶಾಲೆಯಲ್ಲಿ ಎಳೆಯ ಮಕ್ಕಳು ಉಣ್ಣುತ್ತಿದ್ದ ನೋವು—ಇವನ್ನೆಲ್ಲ ಇತಿಹಾಸದ ಅಧ್ಯಾಪಕಿಗೆ ತಕ್ಕ ಹಾಗೆ ಆಧಾರಸಹಿತವಾಗಿ ಬರೆದಳು. ಬರೆದು, ಇದರಲ್ಲಿ ಚರ್ಚಿನ ಪಾಲೇನು ಎಂದು ಕೇಳಿದಳು. ದೀಕ್ಷೆ ಪಡೆದವರು, ಪಡೆಯದವರು ಎಂಬ ಗೆರೆಯನ್ನು ಆಕೆ ಒಪ್ಪಲಿಲ್ಲ. ಆ ಶರತ್ಕಾಲದಲ್ಲಿ ನ್ಯೂರೆಂಬರ್ಗ್ ಕಾನೂನುಗಳು ಬಂದ ಮೇಲೆ, ೧೯೩೬ರಲ್ಲಿ, ಅದಕ್ಕೊಂದು ಅನುಬಂಧವನ್ನೂ ಸೇರಿಸಿದಳು. ಸುಮಾರು ೨೦೦ ಪ್ರತಿಗಳನ್ನು ತಾನೇ ತೆಗೆದು ಹಂಚಿದಳು. ಹೆಸರು ಹಾಕಲಿಲ್ಲ. ಚರ್ಚಿನ ಸಭೆ ಅದನ್ನು ಚರ್ಚೆಗೆ ಎತ್ತಿಕೊಳ್ಳಲಿಲ್ಲ.

೧೯೩೮ರ ನವೆಂಬರ್ ೯ರ ರಾತ್ರಿ ದೇಶದ ಉದ್ದಗಲಕ್ಕೂ ಯಹೂದ್ಯರ ಪ್ರಾರ್ಥನಾಮಂದಿರಗಳು ಉರಿದುವು. ಸುಮಾರು ೩೦,೦೦೦ ಗಂಡಸರನ್ನು ಶಿಬಿರಗಳಿಗೆ ಎಳೆದೊಯ್ದರು. ನೀಮೊಲರರು ಸೆರೆಯಲ್ಲಿದ್ದುದರಿಂದ ಡಾಲೆಮಿನ ಚರ್ಚಿನಲ್ಲಿ ಮುಂದಿನ ವಾರದ ಪಶ್ಚಾತ್ತಾಪದಿನದ ಬೋಧೆಯನ್ನು ಗೊಲ್‌ವಿಟ್ಸರ್ ಎಂಬ ತರುಣ ಪಾದ್ರಿ ಮಾಡಿದನು. ಎಲಿಸಬೆತ್ ಅವನಿಗೆ ಕೃತಜ್ಞತೆಯ ಪತ್ರವನ್ನು ಬರೆದಳು. ಅದರಲ್ಲಿ, ೧೯೩೩ರ ಏಪ್ರಿಲ್ ೧ರಂದು ನಾವು ಸುಮ್ಮನಿದ್ದುದರ ಫಲವೇ ಇದೆಂಬ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ತಿಳಿಸಿದಳು. ನೀಮೊಲರರಿಗೆ ೧೯೪೫ರಲ್ಲಿ ಫಲಕದ ಮುಂದೆ ಹೊಳೆದುದು ಈಕೆಗೆ ಏಳು ವರ್ಷ ಮುಂಚೆಯೇ ಹೊಳೆದಿತ್ತು. ಅನಂತರ ಆಕೆ ಮಾಡಿದ ಕೆಲಸ ಇನ್ನೂ ದೊಡ್ಡದು. ಸರಕಾರ ಬಯಸುವಂತೆ ಧರ್ಮವನ್ನೂ ಇತಿಹಾಸವನ್ನೂ ಭಾಷೆಯನ್ನೂ ಕಲಿಸುವುದು ತನ್ನ ಆತ್ಮಸಾಕ್ಷಿಗೆ ಒಗ್ಗದೆಂದು ಬರೆದುಕೊಟ್ಟು, ನಲವತ್ತೈದನೆಯ ವಯಸ್ಸಿನಲ್ಲಿ ಕೆಲಸ ಬಿಟ್ಟಳು. ಯುದ್ಧಕಾಲದಲ್ಲಿ ತಲೆಮರೆಸಿಕೊಂಡ ಯಹೂದ್ಯರಿಗೆ ತನ್ನ ಮನೆಯಲ್ಲಿ ಆಸರೆ ಕೊಟ್ಟಳು. ಯುದ್ಧ ಮುಗಿದ ಮೇಲೆ ಹುಟ್ಟೂರಾದ ಹಾನೌದಲ್ಲಿ ಮತ್ತೆ ಪಾಠ ಹೇಳಿದಳು. ೧೯೭೭ರಲ್ಲಿ ತೀರಿಕೊಂಡಾಗ ಶವಸಂಸ್ಕಾರಕ್ಕೆ ಬಂದವರು ಏಳೇ ಮಂದಿ. ಆಕೆಯ ಮನವಿಪತ್ರವನ್ನು ವಿದ್ವಾಂಸರು ಬಹುಕಾಲ ಬೇರೊಬ್ಬ ಮಹಿಳೆಯ ರಚನೆಯೆಂದೇ ಎಣಿಸಿದ್ದರು. ಹಳೆಯ ಶಿಷ್ಯೆಯೊಬ್ಬಳು ೧೯೯೯ರಲ್ಲಿ ಕರ್ತೃತ್ವವನ್ನು ಬೆಳಕಿಗೆ ತಂದಳು. ೨೦೦೪ರಲ್ಲಿ ಹಾನೌ ಚರ್ಚಿನ ನೆಲಮಾಳಿಗೆಯಲ್ಲಿ ಸಿಕ್ಕ ಚೀಲವೊಂದರಲ್ಲಿ ಆಕೆಯ ಕೈಬರಹದ ಕರಡೇ ದೊರೆಯಿತು. ತಾನು ಬರೆದೆನೆಂದು ಆಕೆ ಬದುಕಿರುವಾಗ ಸಾರಿಕೊಳ್ಳಲಿಲ್ಲ. ಅಂಕಿತವಿಲ್ಲದ ವಚನಗಳ ಕರ್ತೃನಿರ್ಣಯದಲ್ಲಿ ತೊಡಗಿರುವ ನಮ್ಮ ಸಂಶೋಧಕರಿಗೆ ಇದೊಂದು ನೆನಪಿಡತಕ್ಕ ಉದಾಹರಣೆ.

ಇಲ್ಲಿ ಒಂದು ಗಂಭೀರವಾದ ಆಕ್ಷೇಪವನ್ನು ಎದುರಿಸಬೇಕು. ಮಾತನಾಡಿದರೆ ಪ್ರಯೋಜನವೇನು? ಒಮ್ಮೊಮ್ಮೆ ಪೀಡೆ ಹೆಚ್ಚುವುದಿಲ್ಲವೆ? ಹೆಚ್ಚಿದ ನಿದರ್ಶನವುಂಟು. ೧೯೪೨ರ ಜುಲೈ ೨೬ರಂದು ನೆದರ್‌ಲೆಂಡಿನ ಕ್ಯಾಥೊಲಿಕ್ ಬಿಷಪ್ಪರು ಯಹೂದ್ಯರ ಸಾಗಾಟವನ್ನು ಖಂಡಿಸಿದ ಪತ್ರವನ್ನು ಚರ್ಚುಗಳಲ್ಲಿ ಓದಿಸಿದರು. ಸೇಡಿಗಾಗಿ ಆಳುವವರು, ಅಲ್ಲಿಯವರೆಗೆ ಬಿಟ್ಟಿದ್ದ ಯಹೂದಿ ಮೂಲದ ಕ್ಯಾಥೊಲಿಕರನ್ನೂ ಹಿಡಿದರು. ತತ್ತ್ವಶಾಸ್ತ್ರಜ್ಞೆಯೂ ಸಂನ್ಯಾಸಿನಿಯೂ ಆಗಿದ್ದ ಈಡಿತ್ ಸ್ಟೈನ್ ಹೀಗೆ ಸೆರೆಯಾಗಿ ಆಗಸ್ಟ್ ೯ರಂದು ಆಶ್‌ವಿಟ್ಸಿನಲ್ಲಿ ಕೊಲೆಯಾದಳು. ಇನ್ನೊಂದು ಕಡೆ, ಮ್ಯೂನ್‌ಸ್ಟರಿನ ಬಿಷಪ್ ಗಾಲೆನ್ನರು ೧೯೪೧ರ ಆಗಸ್ಟ್ ೩ರಂದು, ಬುದ್ಧಿಮಾಂದ್ಯರನ್ನೂ ಮನೋರೋಗಿಗಳನ್ನೂ ಸರಕಾರವೇ ಕೊಲ್ಲುತ್ತಿದೆಯೆಂದು ವೇದಿಕೆಯಿಂದ ಸಾರಿದರು. ಅಷ್ಟರಲ್ಲಿ ೭೦,೦೦೦ಕ್ಕೂ ಮಿಕ್ಕಿದ ಜನರನ್ನು ಹಾಗೆ ಕೊಂದಿದ್ದರು. ಮೂರು ವಾರದಲ್ಲಿ ಹಿಟ್ಲರನು ಆ ಯೋಜನೆಯನ್ನು ನಿಲ್ಲಿಸಲು ಹೇಳಬೇಕಾಯಿತು. ಮುಂದೆ ಗುಟ್ಟಾಗಿ ಬೇರೆ ಬಗೆಯಲ್ಲಿ ಕೊಲೆಗಳು ನಡೆದರೂ ಬಹಿರಂಗದ ಮಾತಿಗೆ ಶಕ್ತಿಯಿತ್ತೆಂಬುದು ಖಚಿತವಾಯಿತು. ಆದರೆ ಅದೇ ಬಿಷಪ್ಪರು ಯಹೂದ್ಯರನ್ನು ಕುರಿತು ಅಂತಹ ಬೋಧೆಯನ್ನು ಮಾಡಲಿಲ್ಲ. ಮಾಡಿದವರು ಬರ್ಲಿನ್ನಿನ ಬರ್ನ್‌ಹಾರ್ಟ್ ಲಿಖ್ಟೆನ್‌ಬರ್ಗ್ ಎಂಬ ವೃದ್ಧ ಪಾದ್ರಿ. ೧೯೩೮ರ ಆ ರಾತ್ರಿಯ ಬಳಿಕ ಪ್ರತಿ ಸಂಜೆಯೂ ಅವರು ಯಹೂದ್ಯರಿಗಾಗಿ ಬಹಿರಂಗವಾಗಿ ಪ್ರಾರ್ಥಿಸಿದರು. ಚರ್ಚಿಗೆ ಬಂದಿದ್ದ ಇಬ್ಬರು ವಿದ್ಯಾರ್ಥಿನಿಯರು ದೂರಿತ್ತರು. ಎರಡು ವರ್ಷ ಸೆರೆಯಲ್ಲಿದ್ದು, ೧೯೪೩ರ ನವೆಂಬರಿನಲ್ಲಿ ಡಾಖೌಗೆ ಸಾಗಿಸುವ ದಾರಿಯಲ್ಲಿ ತೀರಿಕೊಂಡರು.

ಹೀಗೆ ಫಲವನ್ನು ಮುಂಚಿತವಾಗಿ ತೂಗಿ ನೋಡುವ ತಕ್ಕಡಿ ಯಾರ ಕೈಯಲ್ಲಿಯೂ ಇಲ್ಲ. ನೆದರ್‌ಲೆಂಡಿನ ಬಿಷಪ್ಪರು ತಪ್ಪು ಮಾಡಿದರೆಂದು ಹೇಳಲು ನನಗೆ ಬಾಯಿ ಬಾರದು. ಈಡಿತ್ ಸ್ಟೈನಳ ಸಾವನ್ನು ಲೆಕ್ಕದಿಂದ ಹೊರಗಿಡಲೂ ಬಾರದು. ಡೀಟ್ರಿಕ್ ಬೊನ್‌ಹಾಫರ್ ಎಂಬ ತರುಣ ದೇವಶಾಸ್ತ್ರಜ್ಞನು ೧೯೩೩ರ ಏಪ್ರಿಲಿನಲ್ಲಿಯೇ ಚರ್ಚಿನ ಹೊಣೆಯನ್ನು ಮೂರು ಮೆಟ್ಟಿಲಾಗಿ ವಿವರಿಸಿದ್ದನು: ಆಳುವವರನ್ನು ಪ್ರಶ್ನಿಸುವುದು, ಪೀಡಿತರು ತನ್ನ ಮತದವರಿರಲಿ ಬಿಡಲಿ ಅವರ ಸೇವೆ ಮಾಡುವುದು, ತುಳಿಯುವ ಗಾಲಿಯನ್ನೇ ತಡೆಯುವುದು. ಗಾಂಧೀಜಿಯವರ ಬಳಿ ಇದ್ದು ಅವರ ಮಾರ್ಗವನ್ನು ಕಲಿಯಬೇಕೆಂದು ಅವನಿಗೆ ಆಸೆಯಿತ್ತು, ೧೯೩೪ರಲ್ಲಿ ಗಾಂಧೀಜಿ ಬರಹೇಳಿ ಪತ್ರ ಬರೆದರು, ಬರಲಾಗಲಿಲ್ಲ. ಮೂರನೆಯ ಮೆಟ್ಟಿಲನ್ನು ಏರಿದುದಕ್ಕಾಗಿ ೧೯೪೫ರ ಏಪ್ರಿಲ್ ೯ರಂದು ಅವನನ್ನು ಗಲ್ಲಿಗೇರಿಸಿದರು. ನಮ್ಮಂತಹವರಿಗೆ ಮೂರನೆಯದರ ಮಾತೇ ಬೇಡ. ಮೊದಲನೆಯದರಲ್ಲಿಯೇ ಕಾಲು ನಡುಗುತ್ತದೆ.

ಇದನ್ನು ಸುಮ್ಮನೆ ಹೇಳುತ್ತಿಲ್ಲ. ಸುಮಾರು ನಾಲ್ವತ್ತು ವರ್ಷಗಳ ಹಿಂದೆ, ನೌಕರಿಗೆ ಸೇರಿದ ಹೊಸದರಲ್ಲಿ, ಒಂದು ಹಳ್ಳಿಯ ಶಾಲೆಯಲ್ಲಿ ನಾನಿದ್ದೆ. ಮೂಲೆಯಲ್ಲಿ ನೀರಿನ ಹರವಿಯಿತ್ತು, ಮೇಲೊಂದು ಲೋಟ. ಹರಿಜನಕೇರಿಯ ಹುಡುಗರು ಲೋಟವನ್ನು ಮುಟ್ಟುವಂತಿರಲಿಲ್ಲ. ಬೇರೆ ಹುಡುಗನೊಬ್ಬನು ಮೇಲಿಂದ ಹೊಯ್ಯಬೇಕು, ಇವರು ಬೊಗಸೆಯೊಡ್ಡಿ ಕುಡಿಯಬೇಕು. ಒಂದು ಬೇಸಗೆಯ ಮಧ್ಯಾಹ್ನ, ನಾಲ್ಕನೆಯ ತರಗತಿಯ ಹುಡುಗನೊಬ್ಬನು ಹೊಯ್ಯುವವರು ಯಾರೂ ಸಿಗದೆ ತಾನೇ ಲೋಟವನ್ನು ಅದ್ದಿ ಕುಡಿದನು. ಹಿರಿಯ ಉಪಾಧ್ಯಾಯರೊಬ್ಬರು ಅವನನ್ನು ಕಂಬಕ್ಕೆ ಒರಗಿಸಿ ಬೆತ್ತದಿಂದ ಹೊಡೆದರು. ಹರವಿಯನ್ನು ಅವನಿಂದಲೇ ಹೊರಗೆ ಹೊರಿಸಿ ಒಡೆಸಿದರು. ನಾನು ಪಕ್ಕದ ಕೋಣೆಯಲ್ಲಿ ಬಸವಣ್ಣನವರ ವಚನವೊಂದನ್ನು ಪಾಠ ಮಾಡುತ್ತಿದ್ದೆ. ಬಾಗಿಲು ತೆರೆದಿತ್ತು. ಕಾಯಂ ಆಗಿರಲಿಲ್ಲ, ಬಾಡಿಗೆಯ ಮನೆ ಆ ಹಿರಿಯರ ನೆಂಟರದು, ಊರಿಗೆ ಹೊಸಬ—ಕಾರಣಗಳು ಆಗಲೂ ಇದ್ದುವು, ಈಗಲೂ ಇವೆ. ಪಾಠವನ್ನು ನಿಲ್ಲಿಸಲಿಲ್ಲ, ದನಿಯನ್ನು ಸ್ವಲ್ಪ ಏರಿಸಿದೆ. ಹುಡುಗನು ಮರುವಾರದಿಂದ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರುಹಾಜರಿಯ ಗುರುತನ್ನು ಹಾಕುತ್ತ ಹೋದವನು ನಾನೇ. ವರ್ಷದ ಕೊನೆಗೆ ಹೆಸರನ್ನು ತೆಗೆದುಹಾಕಿದೆ.

ನಿವೃತ್ತಿಯ ಬಳಿಕ ಒಂದು ಉಪನ್ಯಾಸಕ್ಕಾಗಿ ಆ ಊರಿಗೆ ಹೋಗಬೇಕಾಯಿತು. ಬಸ್ಸು ನಿಲ್ಲುವಲ್ಲಿ ಪಂಪ್‌ಸೆಟ್ ದುರಸ್ತಿಯ ಒಂದು ಸಣ್ಣ ಅಂಗಡಿ. ಒಳಗಿನಿಂದ ಒಬ್ಬನು ಎಣ್ಣೆಯ ಕೈಯನ್ನು ಒರಸಿಕೊಳ್ಳುತ್ತ ಬಂದು, “ನಮಸ್ಕಾರ್ರೀ ಸರ, ಗುರ್ತು ಸಿಕ್ತೇನ್ರೀ?” ಎಂದನು. ಸಿಕ್ಕಿತು. ಬಿಸಿಲಿಗೆ ಬಂದಿದ್ದೀರೆಂದು ಕುರ್ಚಿ ಹಾಕಿ, ಅಂಗಡಿಯ ಮೂಲೆಯ ಕೊಡದಲ್ಲಿ ಸ್ಟೀಲಿನ ಲೋಟವನ್ನು ಅದ್ದಿ ನೀರು ತಂದುಕೊಟ್ಟನು. ಕುಡಿದೆ. ಆಗಲಾದರೂ ಹೇಳಬಹುದಾಗಿತ್ತು. ಆ ವರ್ಷದ ಮಳೆಯ ವಿಚಾರ, ಅವನ ಮಕ್ಕಳ ಓದಿನ ವಿಚಾರ ಮಾತನಾಡಿದೆವು. ಅಷ್ಟರಲ್ಲಿ ಉಪನ್ಯಾಸಕ್ಕೆ ಕರೆದೊಯ್ಯುವವರು ಬಂದರು.